ಒಂದು ‘ಹೂಂ’

ಕಾರು ಹಿಂದುಹಿಂದಕ್ಕೆ ಬರುತ್ತಿತ್ತು.

ಮಧ್ಯಾಹ್ನ ಎರಡೂವರೆಯ ಉರಿಬಿಸಿಲು. ಬಸ್ ಡಿಪೋದಲ್ಲಿ ಬೆಳಗಿನ ಪಾಳಿ ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಗೇರಪ್ಪ ಬೀದಿಯ ತಿರುವಿನಲ್ಲಿ ಗಕ್ಕನೆ ನಿಂತುಬಿಟ್ಟ. ಗೇರಪ್ಪ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ. ಇಪ್ಪತ್ತೆರಡು ವರ್ಷದಿಂದ ಬಸ್ಸುಗಳ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುತ್ತಿರುವವನಿಗೆ ಬೀದಿಯವರೇ ಕಟ್ಟಿದ ಹೆಸರು ಅದು. ಈಗ ಹಳೇ ನೀಲಿ ಕಾರೊಂದು ಬೆನ್ನು ತೋರಿಸಿಕೊಂಡು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಾಡುತ್ತಾ ನೇರ ಅವನ ಮೇಲೇ ಬರುತ್ತಿತ್ತು.

“ಅಮ್ಮಾ ತಾಯೀ, ಡ್ರೈವಿಂಗ್ ಕಲಿಯೋದಾದ್ರೆ ಮೈದಾನಕ್ಕೆ ಹೋಗಿ! ನಾವೂ ಬದುಕ್ಕೋತೀವಿ!”

ಕಾರು ನಿಂತಿತು. ಕಿಟಕಿಯಿಂದ ಟೈಲರಮ್ಮನ ತಲೆ ಹೊರಬಂತು. ಕರ್ಟನ್, ಶಾಲೆಯ ಯೂನಿಫಾರ್ಮ್ ಹೊಲಿಯುವ ಎದುರುಮನೆಯವಳು. ಮೂರು ವರ್ಷದಿಂದ ಎದುರುಬದುರು ಇದ್ದರೂ ಇಬ್ಬರೂ ಆಡಿದ ಮಾತು ಮೂರು ಇದ್ದರೆ ಹೆಚ್ಚು.

“ಕಲಿಯೋಕಲ್ಲ ರೀ. ಇದು ಮುಂದಕ್ಕೆ ಹೋಗಲ್ಲ ಅಂತಿದೆ.”

“ಅಂದ್ರೆ?”

“ರಿವರ್ಸ್ ಒಂದೇ ಬೀಳ್ತಿರೋದು. ಮಾರ್ಕೆಟ್ ಹತ್ರದ ಗ್ಯಾರೇಜಿನಿಂದ ಹೀಗೇ ಬಂದೆ.”

“ಮಾರ್ಕೆಟ್‌ನಿಂದ? ಒಂದೂವರೆ ಕಿಲೋಮೀಟರ್ ಆಯ್ತಲ್ಲ!”

“ಅಲ್ವಾ ಮತ್ತೆ? ಕುತ್ತಿಗೆ ಬಿದ್ದುಹೋಗ್ತಿದೆ. ಸ್ವಲ್ಪ ಸೈಕಲ್ ಸರಿಸ್ತೀರಾ?”

ನಗುತ್ತಿದ್ದಾಳೆ ಎಂದುಕೊಂಡ. ಹತ್ತಿರ ಹೋಗಿ ನೋಡಿದರೆ ಕಣ್ಣು ಕೆಂಪಗಿದ್ದವು, ಕೆನ್ನೆ ಒದ್ದೆಯಾಗಿತ್ತು. ಗೇರಪ್ಪ ನಾಲಿಗೆ ಕಚ್ಚಿಕೊಂಡ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಕಾರಿನ ಹಿಂದೆ ನಿಂತು, ಬಸ್ಸಿಗೆ ಸನ್ನೆ ಮಾಡುವಂತೆ ಕೈ ಆಡಿಸುತ್ತಾ ಅವಳ ಮನೆಯ ಪಕ್ಕದ ತಗಡಿನ ಶೆಡ್‌ವರೆಗೂ ದಾರಿ ತೋರಿಸಿದ.

ಗ್ಯಾರೇಜಿನವನು ಏನೆಂದ ಎಂದು ಕೇಳಿದ್ದಕ್ಕೆ, “ಗೇರ್‌ಬಾಕ್ಸ್ ಹೋಗಿದೆ, ಈ ಮಾಡೆಲ್ ಯಾರೂ ಮುಟ್ಟಲ್ಲ, ಗುಜರಿಗೆ ಹಾಕಿ ಅಂದ” ಎಂದಳು. ಆಮೇಲೆ ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡು, ಅವನಿಗೆ ಹೇಳುತ್ತಿದ್ದಾಳೋ ಕಾರಿಗೆ ಹೇಳುತ್ತಿದ್ದಾಳೋ ಗೊತ್ತಾಗದ ಹಾಗೆ ಹೇಳಿದಳು: “ಅಕ್ಕನ್ನ ಇದರಲ್ಲೇ ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ.”

ಅಕ್ಕ ಇನ್ನೂರು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ಕೈ ಚೆಲ್ಲಿದ್ದರು. ಎರಡು ವಾರ ಇರಬಹುದು, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಅಕ್ಕ ಆಂಬುಲೆನ್ಸ್ ಬೇಡವೇ ಬೇಡ ಎಂದು ಪಟ್ಟು ಹಿಡಿದಿದ್ದಳು. ಅಪ್ಪನ ಕಾರು ಅದು, ಅದರಲ್ಲೇ ಅಕ್ಕ ಗೇರ್ ಹಾಕಲು ಕಲಿತದ್ದು. ಮುಂದಿನ ಸೀಟು ಮಲಗಿಸಿ, ಕಿಟಕಿ ಪೂರ್ತಿ ಇಳಿಸಿ, ಕೈ ಹೊರಗೆ ಹಾಕಿಕೊಂಡು ಮನೆಗೆ ಬರಬೇಕು. ಅಷ್ಟೇ ಅವಳ ಆಸೆ.

“ನಾಳೆ ಮೂರು ಗಂಟೆಗೆ ಬರ್ತೀನಿ” ಎಂದ ಗೇರಪ್ಪ.

“ಬಂದು?”

“ಬಂದು ಬಿಚ್ತೀನಿ.”

ಮಾತು ಅವನಿಗೆ ಯಾವಾಗಲೂ ಅಷ್ಟೇ. ನಲವತ್ತೈದು ವರ್ಷವಾದರೂ ಒಂಟಿಯಾಗಿ ಉಳಿದದ್ದು ಯಾಕೆ ಎಂದು ಡಿಪೋದವರನ್ನು ಕೇಳಿದರೆ, ಹುಡುಗಿ ನೋಡಲು ಹೋದಾಗಲೂ ಹೂಂ ಮತ್ತು ಊಹೂಂ ಬಿಟ್ಟು ಬೇರೆ ಮಾತು ಆಡಿರಲಿಲ್ಲ ಎನ್ನುತ್ತಾರೆ.

ಗುಜರಿ ಅಂಗಡಿಯಲ್ಲಿ ಅದೇ ಮಾಡೆಲಿನ ಗೇರ್‌ಬಾಕ್ಸ್ ಹುಡುಕಿ, ತಿರುಗಿಸಿ, ಮೂಸಿ, ಇದು ಇನ್ನೂ ಹತ್ತು ವರ್ಷ ಬಾಳುತ್ತದೆ ಎಂದು ಖಾತ್ರಿಯಾದ ಮೇಲೆ ತಂದ. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಎತ್ತಿ ಕೂರಿಸಿದ್ದೂ ಆಯಿತು. ಆಮೇಲೆ ಬಂತು ಪೇಚಾಟ. ಭಾರ ಎತ್ತಿ ಎತ್ತಿ ಅವನ ಬಲಭುಜ ಕೆಟ್ಟಿತ್ತು, ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕಾರಿನಡಿ ಅಂಗಾತ ಮಲಗಿ ಎರಡು ಬೋಲ್ಟ್ ಬಿಚ್ಚುವಷ್ಟರಲ್ಲಿ ಹಲ್ಲು ಕಚ್ಚಿಕೊಂಡದ್ದು ಅವಳಿಗೆ ಕಾಣಿಸಿತು.

“ಏಳಿ.”

“ಏನೂ ಆಗಿಲ್ಲ.”

“ಏಳಿ ಅಂದ್ನಲ್ಲ. ನಿಮ್ಮ ಬಾಯಿ, ನನ್ನ ಕೈ. ಹೇಳ್ತಾ ಹೋಗಿ, ನಾನು ಮಾಡ್ತೀನಿ.”

ಹಾಗೆ ಶುರುವಾಯಿತು. ದಿನಾ ಮೂರರಿಂದ ಹೊತ್ತು ಮುಳುಗುವವರೆಗೆ ಇಬ್ಬರೂ ಒಂದೇ ಹಳೇ ಚಾಪೆಯ ಮೇಲೆ, ಒಂದೇ ಕಾರಿನಡಿ, ಪಕ್ಕಪಕ್ಕ ಮಲಗಿದರು. ಅವನ ಎಡಗೈಯಲ್ಲಿ ಟಾರ್ಚು, ಅವಳ ಕೈಯಲ್ಲಿ ಸ್ಪ್ಯಾನರು. ಮೊದಲ ದಿನ ಗೇರ್ ಆಯಿಲ್ ಇಳಿಸಿದರು. ಬಟ್ಟಲಿಗೆ ಬಿದ್ದ ಕರಿ ಎಣ್ಣೆಯಲ್ಲಿ ಗೇರಿನ ಹಲ್ಲಿನ ಚೂರುಗಳು ಮಿನುಗಿದವು.

“ಮೂರು ಹಲ್ಲು ಉದುರಿವೆ” ಎಂದ.

“ವಯಸ್ಸಾಯ್ತಲ್ಲ ಪಾಪ, ಕಟ್ಟಿಸ್ಕೊಳ್ಳೋಕೆ ದುಡ್ಡಿಲ್ಲ” ಎಂದಳು ಅವಳು, ಮುಖದಲ್ಲಿ ನಗುವೇ ಇಲ್ಲದೆ. ಗೇರಪ್ಪ ನಕ್ಕ ರಭಸಕ್ಕೆ ತಲೆ ಸೈಲೆನ್ಸರ್ ಪೈಪಿಗೆ ಬಡಿಯಿತು.

ಬಿಚ್ಚಿದ ಬೋಲ್ಟುಗಳನ್ನು ಡಿಪೋದಲ್ಲಿ ಎಲ್ಲರೂ ಒಂದೇ ಡಬ್ಬಕ್ಕೆ ಸುರಿಯುತ್ತಾರೆ. ಅವಳು ಹಾಗೆ ಮಾಡಲಿಲ್ಲ. ಹಳೇ ಕರ್ಟನ್ ಬಟ್ಟೆ ಹಾಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಗೇರ್‌ಬಾಕ್ಸಿನ ಆಕಾರ ಬರೆದು, ಒಂದೊಂದು ಬೋಲ್ಟನ್ನೂ ಅದು ಬಂದ ಜಾಗದಲ್ಲೇ ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. ಗೇರಪ್ಪ ಅದನ್ನೇ ಬಹಳ ಹೊತ್ತು ನೋಡಿದ. ಅವಳ ಮೂಗಿನ ತುದಿಗೆ ಗ್ರೀಸ್ ಅಂಟಿತ್ತು. ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳಿದರೆ ಒರೆಸಿಕೊಂಡುಬಿಡುತ್ತಾಳೆ ಎಂದು ಸುಮ್ಮನಾದ.

“ಏನು ಹಾಗೆ ನೋಡ್ತಿದ್ದೀರಾ?”

“ಬೋಲ್ಟು.”

“ಬೋಲ್ಟು ಆ ಕಡೆ ಇದೆ.”

ಅವನ ಕಿವಿ ಕೆಂಪಾಯಿತು. ಅವಳು ಬೇಕೆಂದೇ ಎರಡು ಕ್ಷಣ ಹೆಚ್ಚಿಗೆ ದಿಟ್ಟಿಸಿ, ಆಮೇಲೆ ಮೆಲ್ಲಗೆ ಸ್ಪ್ಯಾನರ್ ಕಡೆ ತಿರುಗಿದಳು.

ಐದು ಗಂಟೆಗೆ ಚಹಾ. ಅದೇ ಹೊತ್ತಿಗೆ ಅಕ್ಕನ ಫೋನು. ಟೈಲರಮ್ಮ ಸ್ಪೀಕರ್ ಹಾಕಿ ಕಾರಿನ ಬಾನೆಟ್ ಮೇಲೆ ಇಡುತ್ತಿದ್ದಳು. ಅಕ್ಕನ ದನಿ ಕಾಗದದಷ್ಟು ತೆಳ್ಳಗಾಗಿತ್ತು, ಆದರೆ ಕೀಟಲೆಗೆ ಏನೂ ಕಮ್ಮಿ ಇರಲಿಲ್ಲ.

“ಮೆಕ್ಯಾನಿಕ್ ಸಾಹೇಬ್ರೇ, ನನ್ನ ರಥ ಎಲ್ಲಿಗೆ ಬಂತು?”

“ಬಿಚ್ತಿದ್ದೀವಿ.”

“ನಿನ್ನೇನೂ ಅದೇ ಹೇಳಿದ್ರಿ. ನನ್ನ ತಂಗಿ ಒಳ್ಳೆ ಚಹಾ ಮಾಡ್ತಾಳೆ ಅಂತ ಬೋಲ್ಟು ಎಣಿಸ್ಕೊಂಡು ಕೂತಿದ್ದೀರೋ ಹೇಗೆ?”

“ಊಹೂಂ.”

“ಅಯ್ಯೋ, ಇವ್ರ ಬಾಯಿಗೂ ಗೇರ್ ಬೀಳಲ್ವೇನೇ?” ಎಂದು ಅಕ್ಕ ನಗುತ್ತಿದ್ದಳು. ನಗು ಕೆಮ್ಮಾಗುತ್ತಿತ್ತು, ಕೆಮ್ಮು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಟೈಲರಮ್ಮ ಖಾಲಿ ಲೋಟ ಹಿಡಿದು ಒಳಗೆ ಹೋಗಿ, ಐದು ನಿಮಿಷ ಬಿಟ್ಟು ಮುಖ ತೊಳೆದುಕೊಂಡು ಬರುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ಈ ಆರು ವರ್ಷ ಅವಳಿಗೆ ಇದ್ದವಳು ಅಕ್ಕ ಒಬ್ಬಳೇ.

ಗುರುವಾರದ ಹೊತ್ತಿಗೆ ಹಳೇ ಗೇರ್‌ಬಾಕ್ಸ್ ನೆಲಕ್ಕಿಳಿದಿತ್ತು, ಗುಜರಿಯಿಂದ ತಂದದ್ದು ಜಾಕ್ ಮೇಲೆ ಕಾಯುತ್ತಿತ್ತು. ನಡುವೆ ಉಳಿದದ್ದು ಕ್ಲಚ್ ಪ್ಲೇಟು. ಊಟದ ತಟ್ಟೆಯಷ್ಟಗಲದ ಬಿಲ್ಲೆ. ಒಂದು ಮುಖ ಚಪ್ಪಟೆ, ಇನ್ನೊಂದು ಮುಖದಲ್ಲಿ ಸುತ್ತಲೂ ಸ್ಪ್ರಿಂಗುಗಳು ಉಬ್ಬಿ ನಿಂತಿರುತ್ತವೆ. ಚಪ್ಪಟೆ ಮುಖ ಇಂಜಿನ್ ಕಡೆ ಕೂರಬೇಕು. ತಿರುಗುಮುರುಗಾದರೆ ಗೇರು ಬೀಳುವುದಿಲ್ಲ, ಎಲ್ಲವನ್ನೂ ಮತ್ತೆ ಇಳಿಸಬೇಕು.

“ಉಲ್ಟಾ ಮುಖ ನಿಮ್ಮ ಕಡೆ ಇರ್ಲಿ” ಎಂದ.

ಡಿಪೋದ ಭಾಷೆಯಲ್ಲಿ ಚಪ್ಪಟೆಯದು ಸೀದಾ, ಸ್ಪ್ರಿಂಗ್ ಉಬ್ಬಿದ್ದು ಉಲ್ಟಾ. ಟೈಲರಮ್ಮನ ಭಾಷೆ ಬೇರೆ. ಬಟ್ಟೆಯಲ್ಲಿ ಡಿಸೈನ್ ಇರುವ ಕಡೆ ಸೀದಾ, ಬೋಳು ಕಡೆ ಉಲ್ಟಾ. ಅವಳು ಪ್ಲೇಟನ್ನು ಎರಡೂ ಕಡೆ ತಿರುಗಿಸಿ ನೋಡಿ, ಸ್ಪ್ರಿಂಗುಗಳ ಚೆಂದದ ಮುಖವನ್ನು ಒಳಗೆ ಹಾಕಿ, ಬೋಳು ಮುಖವನ್ನು ತನ್ನ ಕಡೆ ಇಟ್ಟು ಕೂರಿಸಿದಳು.

“ಅಬ್ಬಾ, ಇವತ್ತು ಇದು ಮುಗಿದ್ರೆ ನಾಳೆ ಬೆಳಿಗ್ಗೆನೇ ಹೊರಟುಬಿಡ್ತೀನಿ. ಆಮೇಲೆ ನಿಮಗೂ ಈ ಕಾಟ ತಪ್ತು” ಎಂದು ಅವನ ಕಡೆ ಮುಖ ತಿರುಗಿಸಿದಳು. ಎರಡು ಮುಖಗಳ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. “ಸರಿಯಾಗಿದೆಯಾ?”

ಗೇರಪ್ಪ ಟಾರ್ಚ್ ಹಿಡಿದು ನೋಡಿದ. ಸ್ಪ್ರಿಂಗ್ ಕಾಣಿಸಲಿಲ್ಲ.

ಇಪ್ಪತ್ತೆರಡು ವರ್ಷದ ಅನುಭವದ ಕಣ್ಣು, ತಪ್ಪು ಕಾಣದೇ ಇರುತ್ತದೆಯೇ? ಕಂಡಿತು. ಆದರೆ ನಾಳೆ ಮೂರು ಗಂಟೆಗೆ ಎಲ್ಲಿಗೆ ಹೋಗಲಿ ಎಂಬ ಯೋಚನೆಯೂ ಅದೇ ಗಳಿಗೆಯಲ್ಲಿ ಬಂದು ಎದೆಯ ಮೇಲೆ ಕೂತಿತು. ಚಾಪೆ ಇಲ್ಲ, ಚಹಾ ಇಲ್ಲ, ಮೂಗಿನ ತುದಿಯ ಗ್ರೀಸ್ ಇಲ್ಲ. ಡಾಕ್ಟರು ಎರಡು ವಾರ ಎಂದಿದ್ದಾರಲ್ಲ, ಒಂದು ದಿನದಲ್ಲಿ ಏನು ಮಹಾ ಆಗಿಹೋಗುತ್ತದೆ?

“ಹೂಂ” ಎಂದ.

ಬೋಲ್ಟು ಬಿಗಿಯುವಾಗ ಹೇಳಿಬಿಡೋಣ ಎಂದುಕೊಂಡ. ಗೇರ್‌ಬಾಕ್ಸ್ ಮೇಲೆತ್ತುವಾಗ ಹೇಳಿಬಿಡೋಣ ಎಂದುಕೊಂಡ. ನಾಲಿಗೆ ಏಳಲಿಲ್ಲ. ಸಂಜೆ ಅವಳು ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ ಮೊದಲನೇ ಗೇರಿಗೆ ತಳ್ಳಿದಾಗ ಒಳಗಿಂದ ಕರಕರ ಎಂದು ಹಲ್ಲು ಕಡಿಯುವ ಸದ್ದು ಬಂತು. ಅವಳ ಮುಖದಿಂದ ಬಣ್ಣ ಇಳಿದುಹೋಯಿತು.

“ಪ್ಲೇಟು ಉಲ್ಟಾ ಕೂತಿರ್ಬೇಕು” ಎಂದ ಅವನು, ನೆಲ ನೋಡುತ್ತಾ.

“ಉಲ್ಟಾನೇ ಅಲ್ವಾ ನೀವು ಹೇಳಿದ್ದು?” ಎಂದವಳು ಒಂದು ಕ್ಷಣ ಯೋಚಿಸಿ, ಹಣೆ ಚಚ್ಚಿಕೊಂಡಳು. “ಅಯ್ಯೋ! ನಿಮ್ಮ ಉಲ್ಟಾ ಬೇರೆ, ನನ್ನ ಉಲ್ಟಾ ಬೇರೆ! ಎಂಥ ಬೆಪ್ಪಿ ನಾನು.”

ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕಳು. ಶನಿವಾರ ಬಾ, ಪರವಾಗಿಲ್ಲ, ನಾನೆಲ್ಲಿ ಓಡಿಹೋಗ್ತೀನಿ ಎಂದಳು. ಆಮೇಲೆ ಸ್ಪೀಕರ್ ತೆಗಿಯೇ ಎಂದು ತಂಗಿಯ ಹತ್ತಿರ ಏನೋ ಗುಟ್ಟು ಹೇಳಿದಳು. ಟೈಲರಮ್ಮ ಗೇರಪ್ಪನ ಕಡೆ ಓರೆಗಣ್ಣಿನಲ್ಲಿ ನೋಡಿ, “ಸುಮ್ನಿರೇ ಸಾಕು” ಎಂದು ಗದರಿ ಫೋನ್ ಇಟ್ಟಳು.

ಶುಕ್ರವಾರ ಗೇರಪ್ಪ ರಜೆ ಹಾಕಿ ಬೆಳಿಗ್ಗೆಯೇ ಬಂದ. ಎಲ್ಲವನ್ನೂ ಮತ್ತೆ ಬಿಚ್ಚಿದರು. ಹನ್ನೊಂದರ ಸುಮಾರಿಗೆ, ಗೇರ್‌ಬಾಕ್ಸ್ ಅರ್ಧ ಜಾಕ್ ಮೇಲೆ, ಅರ್ಧ ಅವಳ ಎರಡು ಕೈಗಳ ಮೇಲೆ ಇರುವಾಗ, ಮನೆಯೊಳಗೆ ಫೋನ್ ರಿಂಗಾಯಿತು.

“ಅಕ್ಕ ಇರ್ಬೇಕು” ಎಂದಳು. ಮೊಣಕೈವರೆಗೆ ಗ್ರೀಸ್. ಕೈ ಬಿಟ್ಟರೆ ಅಷ್ಟು ಭಾರ ಎದೆಯ ಮೇಲೆ ಬೀಳುತ್ತದೆ. “ಈ ಹೊತ್ತಲ್ಲಿ ಯಾಕೆ? ಆಮೇಲೆ ಮಾಡ್ತೀನಿ.”

ಫೋನ್ ನಿಂತಿತು. ಮತ್ತೊಮ್ಮೆ ರಿಂಗಾಗಿ, ನಿಂತಿತು. ಮಧ್ಯಾಹ್ನ ಕೈ ತೊಳೆದು ವಾಪಸ್ ಮಾಡಿದರೆ, ಮಲಗಿದ್ದಾರೆ, ಎಬ್ಬಿಸೋದು ಬೇಡ ಎಂದಳು ನರ್ಸ್. ಸಂಜೆ ಮಾಡಿದಾಗಲೂ ಅದೇ ಮಾತು.

ಶನಿವಾರ ಬೆಳಗಾಗುತ್ತಲೇ ಹೊರಟರು. ಅವನೂ ಹೋದ. ಅಕ್ಕನ ತಲೆಗೆ ಆಸರೆಯಾಗಿ ಹಿಂದೆ ಕೂರಲು ಯಾರಾದರೂ ಬೇಕಲ್ಲ ಎಂದು ಅವಳೇ ಕರೆದಿದ್ದಳು. ಗೇರುಗಳು ಬೆಣ್ಣೆಯ ಹಾಗೆ ಬೀಳುತ್ತಿದ್ದವು. “ಐನೂರು ಕಿಲೋಮೀಟರ್ ಆದ್ಮೇಲೆ ಆಯಿಲ್ ಬದಲಾಯಿಸ್ಬೇಕು, ಮರೀಬೇಡಿ” ಎಂದ. “ನೀವಿದ್ದೀರಲ್ಲ ನೆನಪು ಮಾಡೋಕೆ” ಎಂದಳು ಅವಳು, ಕನ್ನಡಿಯಲ್ಲಿ ಅವನ ಕಣ್ಣಿಗೆ ಕಣ್ಣಿಟ್ಟು. ಅವನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಮಾತು ಅವನಿಗೆ ಯಾರೂ ಆಡಿರಲಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಅಕ್ಕ ಕಣ್ಣು ತೆರೆದೇ ಮಲಗಿದ್ದಳು. ಕಣ್ಣು ಇವರನ್ನು ದಾಟಿ ಎಲ್ಲೋ ನೋಡುತ್ತಿತ್ತು.

“ಅಕ್ಕಾ, ಕಾರು ಬಂತು ನೋಡೇ. ಅಕ್ಕಾ.”

ನರ್ಸ್ ಮೆಲ್ಲಗೆ ಹೇಳಿದಳು: “ನಿನ್ನೆ ಮಧ್ಯಾಹ್ನದವರೆಗೂ ಚೆನ್ನಾಗಿ ಮಾತಾಡ್ತಿದ್ರು. ‘ಇವತ್ತು ನನ್ನ ಸವಾರಿ ಹೊರಡ್ಬೇಕಿತ್ತು, ಒಂದು ಉಲ್ಟಾ ಪ್ಲೇಟಿನಿಂದ ತಪ್ಪೋಯ್ತು’ ಅಂತ ಎಲ್ಲರ ಹತ್ರ ಹೇಳ್ಕೊಂಡು ನಗ್ತಿದ್ರು. ತಲೆ ಬಾಚಿಸ್ಕೊಂಡ್ರು. ಮೆಕ್ಯಾನಿಕ್ ಹತ್ರ ಒಂದು ಮಾತು ಕೇಳ್ಬೇಕು ಅಂತ ಎರಡು ಸಲ ಫೋನ್ ಮಾಡಿಸಿದ್ರು. ಮಲಗಿ ಎದ್ದ ಮೇಲೆ ಹೀಗಾಗಿದೆ.”

ಗೇರಪ್ಪ ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

ಮುಂದಿನ ಸೀಟು ಮಲಗಿಸಿದರು, ಕಿಟಕಿ ಪೂರ್ತಿ ಇಳಿಸಿದರು. ಅಕ್ಕನ ಕೈಯನ್ನು ತಂಗಿಯೇ ಎತ್ತಿ ಹೊರಗೆ ಇಟ್ಟಳು. ಗಾಳಿಗೆ ಬೆರಳುಗಳು ಅಲುಗುತ್ತಿದ್ದವು. ಅವು ತಾವಾಗಿ ಅಲುಗುತ್ತಿವೆಯೋ ಗಾಳಿಗೋ ಎಂದು ದಾರಿಯುದ್ದಕ್ಕೂ ಇಬ್ಬರೂ ನೋಡಿದರು. ಮೂರು ದಿನ ಬಿಟ್ಟು, ಮಂಗಳವಾರ ಬೆಳಿಗ್ಗೆ, ತಂಗಿ ಹೊಲಿದ ನೀಲಿ ಕರ್ಟನ್‌ಗಳ ಕೋಣೆಯಲ್ಲಿ ಅಕ್ಕ ಹೋದಳು.

ಗೇರಪ್ಪ ಎಲ್ಲಕ್ಕೂ ಓಡಾಡಿದ. ಬಂದವರಿಗೆ ಕುರ್ಚಿ ಹಾಕಿದ, ನೀರು ತಂದ. ಹನ್ನೆರಡು ದಿನ ಕಳೆದ ಮೇಲೆ ಒಂದು ಸಂಜೆ ಅವಳನ್ನು ನೋಡಲು ಹೋದಾಗ, ಅವಳು ಮಿಷಿನ್ ಮುಂದೆ ಕೂತಿದ್ದಳು. ಯೂನಿಫಾರ್ಮಿನ ತೋಳು ಹೊಲಿಯುತ್ತಿದ್ದಳು, ಹೊಲಿದದ್ದನ್ನೇ ಬಿಚ್ಚುತ್ತಿದ್ದಳು.

“ನನ್ನಿಂದಲೇ ಆಗಿದ್ದು. ಉಲ್ಟಾ ಸೀದಾ ಗೊತ್ತಾಗ್ದೆ ಹೋಯ್ತು ನೋಡಿ. ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿದು, ಅಕ್ಕನ ಕಡೇ ಮಾತು ನಾನೇ ತಪ್ಪಿಸ್ಕೊಂಡೆ. ಕೈ ಕಡಿದು ಹಾಕ್ಬೇಕು ಅನ್ನಿಸುತ್ತೆ.”

ಸುಮ್ಮನಿದ್ದರೆ ಅವನ ಗುಟ್ಟು ಅವನಲ್ಲೇ ಉಳಿಯುತ್ತಿತ್ತು. ಅವಳೂ ಉಳಿಯುತ್ತಿದ್ದಳು, ನಿಧಾನಕ್ಕೆ ಅವನಿಗೆ ಒರಗಿಕೊಳ್ಳುತ್ತಲೂ ಇದ್ದಳು. ಅದು ಅವನಿಗೆ ಗೊತ್ತಿತ್ತು. ಆದರೆ ಅವಳು ತನ್ನ ಕೈಯನ್ನು ತಾನೇ ದ್ವೇಷಿಸುವುದನ್ನು ನೋಡಿಕೊಂಡು ಸುಮ್ಮನಿರಲು ಅವನಿಂದ ಆಗಲಿಲ್ಲ.

“ನಿಮ್ಮಿಂದ ಅಲ್ಲ. ನೀವು ಸರಿಯಾಗಿದೆಯಾ ಅಂತ ಕೇಳಿದ್ರಿ. ನಾನು ನೋಡಿದೆ. ಉಲ್ಟಾ ಇದೆ ಅಂತ ಕಾಣಿಸ್ತು. ಹೂಂ ಅಂದೆ.”

ಮಿಷಿನ್ ನಿಂತಿತು.

“ಯಾಕೆ?”

“ಮುಗಿದ್ಹೋದ್ರೆ ಮಾರನೇ ದಿನ ಬರೋಕೆ ನೆಪ ಇರ್ತಿರ್ಲಿಲ್ಲ. ಒಂದು ದಿನ ಬೇಕಿತ್ತು.”

ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

“ಬಾಯಿ ಬಿಟ್ಟು ಕೇಳಿದ್ರೆ ನಾನು ನೂರು ದಿನ ಕೊಡ್ತಿದ್ನಲ್ಲ ರೀ. ಅಕ್ಕನ ಹತ್ರ ಇದ್ದಿದ್ದೇ ಒಂದು ದಿನ. ಅದನ್ನೇ ತಗೊಂಡ್ರಲ್ಲ.”

ಬಿಚ್ಚಿದ ತೋಳನ್ನು ಮಡಿಸಿಟ್ಟಳು.

“ಹೋಗಿ” ಎಂದಳು.

ಹೋದ. ಆಮೇಲೆ ಅವಳ ಬಾಗಿಲು ತೆರೆದಾಗಲೆಲ್ಲ ಅವನ ಕಿಟಕಿ ಮುಚ್ಚುತ್ತಿತ್ತು. ಡಿಪೋದಲ್ಲಿ ಪಾಳಿ ಬದಲಾಯಿಸಿಕೊಂಡ. ಕೆಲವು ಮಧ್ಯಾಹ್ನ ನೀಲಿ ಕಾರು ಹೊರಟು, ಒಂದು ಗಂಟೆ ಬಿಟ್ಟು ವಾಪಸಾಗುವ ಸದ್ದು ಕೇಳುತ್ತಿತ್ತು. ಗೇರು ಬದಲಾಗುವ ಸದ್ದಿನಲ್ಲೇ ಅವಳು ಸಿಟ್ಟಿನಲ್ಲಿದ್ದಾಳೋ ಅಳುತ್ತಿದ್ದಾಳೋ ಎಂದು ಅವನಿಗೆ ತಿಳಿಯುತ್ತಿತ್ತು. ತಿಳಿದು ಏನು ಮಾಡುವುದು?

ಎರಡು ತಿಂಗಳಾಗಿರಬೇಕು. ಒಂದು ಭಾನುವಾರ, ಸರಿಯಾಗಿ ಮೂರು ಗಂಟೆಗೆ ಯಾರೋ ಅವನ ಬಾಗಿಲು ಬಡಿದರು. ಅವಳು ನಿಂತಿದ್ದಳು, ಸಣ್ಣಗಾಗಿದ್ದಳು.

“ಐನೂರು ಆಯ್ತು.”

ಅವನಿಗೆ ಅರ್ಥವಾಗಲಿಲ್ಲ.

“ಕಿಲೋಮೀಟರ್. ಆಯಿಲ್ ಬದಲಾಯಿಸ್ಬೇಕು ಅಂದಿದ್ರಲ್ಲ. ಆಸ್ಪತ್ರೆಗೆ ಹೋಗಿ ಬಂದಿದ್ದು ನಾನೂರು. ಉಳಿದ ನೂರು ಒಬ್ಬಳೇ ಸುತ್ತಿದೆ. ಕಿಟಕಿ ಏರಿಸ್ಕೊಂಡು ನಿಮಗೆ ಬೈತಿದ್ದೆ. ಬಾಯಿಗೆ ಬಂದ ಹಾಗೆ.”

ಅವನು ತಲೆ ತಗ್ಗಿಸಿದ.

“ಬೈಗುಳ ಮುಗೀತು, ಸಿಟ್ಟು ಮುಗಿದಿಲ್ಲ. ಅದು ಯಾವತ್ತಾದ್ರೂ ಮುಗಿಯುತ್ತೆ ಅಂತ ನಾನೇನೂ ಮಾತು ಕೊಡಲ್ಲ. ಬನ್ನಿ.”

ಶೆಡ್ಡಿನಲ್ಲಿ ಕಾರು ಆಗಲೇ ಸ್ಟ್ಯಾಂಡುಗಳ ಮೇಲಿತ್ತು. ಒಬ್ಬಳೇ ಎತ್ತಿ ಕೂರಿಸಿದ್ದಳು. ಅದೇ ಚಾಪೆ ಹಾಸಿತ್ತು. ಅವಳು ಬಾನೆಟ್ಟಿಗೆ ಒರಗಿ, ಕೈ ಕಟ್ಟಿಕೊಂಡು ನಿಂತಳು.

“ಅಕ್ಕ ಆ ಶುಕ್ರವಾರ ನಿಮ್ಮನ್ನ ಏನು ಕೇಳ್ತಿದ್ಲು ಅಂತ ನಂಗೊತ್ತು. ಹಿಂದಿನ ದಿನವೇ ಗುಟ್ಟಲ್ಲಿ ಹೇಳಿದ್ಲು. ಅವನು ಬಾಯಿ ಬಿಡಲ್ಲ ಕಣೇ, ನಿನ್ನಿಂದಲೂ ಆಗಲ್ಲ, ನಾನೇ ಕೇಳಿಬಿಡ್ತೀನಿ, ಸಾಯೋಳಿಗೇನು ನಾಚಿಕೆ ಅಂದಿದ್ಲು.” ಬಾನೆಟ್ ಮೇಲೆ ಫೋನ್ ಇಡುತ್ತಿದ್ದ ಜಾಗವನ್ನು ಅಂಗೈಯಿಂದ ಸವರಿದಳು. “ಅವಳ ಪ್ರಶ್ನೆ ನಾನೇ ಕೇಳ್ತೀನಿ. ನನ್ನ ತಂಗಿ ಅಂದ್ರೆ ನಿಮಗೆ ಇಷ್ಟಾನಾ?”

ಗೇರಪ್ಪನ ತುಟಿ ಕೂಡಿಕೊಂಡವು. ಹಳೇ ಅಭ್ಯಾಸ, ಸದ್ದು ಆಗಲೇ ಮೂಗಿನವರೆಗೆ ಬಂದಿತ್ತು.

“ಹೂಂ ಅನ್ನಬೇಡಿ!” ಅವಳು ಅಂಗೈ ಅಡ್ಡ ಹಿಡಿದಳು. “ಆ ಮಾತು ಇನ್ನು ನನ್ನ ಹತ್ರ ಬೇಡ. ಹೌದಾದ್ರೆ ಹೌದು ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ. ತಪ್ಪು ಕಂಡ್ರೆ ತಪ್ಪು ಅನ್ನಿ. ಪೂರ್ತಿ ಮಾತು ಬೇಕು ನಂಗೆ.”

ಅವನು ಬಾಯಿ ತೆರೆದ. ಎಷ್ಟೋ ವರ್ಷ ತಿರುಗದ ಬೋಲ್ಟಿನ ಹಾಗೆ ಮಾತು ಕಷ್ಟಪಟ್ಟು ಅಲುಗಿತು.

“ಇಷ್ಟ. ತುಂಬಾ ಇಷ್ಟ. ನೀವು ರಿವರ್ಸಲ್ಲಿ ಬಂದ ದಿನದಿಂದ. ಮತ್ತೆ... ನಾನು ಮಾಡಿದ್ದು ದೊಡ್ಡ ತಪ್ಪು. ಅಕ್ಕನಿಗೂ ಹೇಳ್ಬೇಕಿತ್ತು. ಹೇಳೋಕಾಗಲ್ಲ. ಅದು ಸಾಯೋವರೆಗೂ ನನ್ನ ಜೊತೆ ಇರುತ್ತೆ.”

ಅವಳು ನಗಲಿಲ್ಲ. ಕಣ್ಣು ತುಂಬಿದ್ದವು. ಸೆರಗಿನಲ್ಲಿ ಒರೆಸಿಕೊಂಡಳು.

“ನನ್ನ ಜೊತೆಗೂ ಇರುತ್ತೆ. ಒಬ್ಬೊಬ್ಬರೇ ಹೊರೋಕಾಗ್ತಿಲ್ಲ, ಅದಕ್ಕೇ ಬಂದೆ.”

ಇಬ್ಬರೂ ಚಾಪೆಯ ಮೇಲೆ ಮಲಗಿ ಕಾರಿನಡಿ ಸರಿದರು. ಅವನ ಎಡಗೈಯಲ್ಲಿ ಟಾರ್ಚು, ಅವಳ ಕೈಯಲ್ಲಿ ಸ್ಪ್ಯಾನರು. ಎಣ್ಣೆ ಇಳಿಸುವ ಬೋಲ್ಟಿಗೆ ಅವಳು ಸ್ಪ್ಯಾನರ್ ಕೂರಿಸಿದಳು.

“ಯಾವ ಕಡೆ ತಿರುಗಿಸ್ಲಿ?”

“ಎಡಕ್ಕೆ.”

“ನಿಮ್ಮ ಎಡನಾ, ನನ್ನ ಎಡನಾ?”

“ಇಬ್ಬರೂ ಒಂದೇ ಕಡೆ ತಲೆ ಹಾಕಿ ಮಲಗಿದ್ದೀವಿ. ಎರಡೂ ಒಂದೇ ಎಡ.” ಅವನು ಟಾರ್ಚ್ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದ. “ಆದ್ರೆ ಸ್ಪ್ಯಾನರ್ ಪೂರ್ತಿ ಕೂತಿಲ್ಲ. ತಪ್ಪಾಗಿದೆ. ತೆಗೆದು ಮತ್ತೆ ಕೂರಿಸಿ.”

ಅವಳು ತೆಗೆದು ಮತ್ತೆ ಕೂರಿಸಿದಳು.

“ಈಗ?”

“ಈಗ ಸರಿಯಾಗಿದೆ” ಎಂದ ಗೇರಪ್ಪ.